ಹಾಡಿಯ ಹೆಣ್ಣುಮಕ್ಕಳ ಬದುಕನ್ನು ಓದುವುದೇ ವೃತ್ತಿ ಆಗಬೇಕು ಅನ್ನುವವರಿಗೆ: ಮೈಸೂರಿನಿಂದ ಹೊರಡುವ ದಾರಿ

ಮಹಿಳಾ ಅಧ್ಯಯನ, ಆದಿವಾಸಿ ಅಧ್ಯಯನ ಎರಡನ್ನೂ ಜೋಡಿಸಿ ಓದಿ, ಅದರಲ್ಲೇ ಪಾಠ ಮಾಡಿಕೊಂಡು, ಸಂಶೋಧನೆ ಮಾಡಿಕೊಂಡು ಜೀವನ ನಡೆಸಬಹುದಾ? ನಡೆಸಬಹುದು. ಆದರೆ ಬಿ.ಎಡ್. ಮಾಡಿ ಮೇಷ್ಟ್ರಾಗುವಂಥ ನೇರ ದಾರಿ ಇದಕ್ಕಿಲ್ಲ. ಯಾವ ಡಿಗ್ರಿ ಮಾಡಬೇಕು, ಯಾವ ಪರೀಕ್ಷೆ ಬರೆಯಬೇಕು, ಹಾಡಿಗೆ, ಅಂದರೆ ಕಾಡಿನ ಆದಿವಾಸಿಗಳ ಊರಿಗೆ, ಹೋಗುವ ಮುಂಚೆ ಯಾರನ್ನು ಕೇಳಬೇಕು, ಇದನ್ನೆಲ್ಲ ಯಾರೂ ಒಂದೇ ಕಡೆ ಕೂತು ಹೇಳುವುದಿಲ್ಲ. ಮೈಸೂರಿನಲ್ಲಿದ್ದು ಓದುವವರಿಗೆ, ಮಂಡ್ಯದಿಂದ ದಿನಾ ರೈಲು ಹತ್ತಿ ಬರುವವರಿಗೆ ಉಪಯೋಗ ಆಗಲಿ ಅಂತ ನನಗೆ ಗೊತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತವರೆಲ್ಲ ಒಂದೇ ಜಾಗಕ್ಕೆ, ಒಂದೇ ಜನರ ಹತ್ತಿರಕ್ಕೆ ವರ್ಷಗಟ್ಟಲೆ ಹೋಗಿಬಂದವರು. ಪರೀಕ್ಷೆ, ಫೆಲೋಶಿಪ್, ನೇಮಕಾತಿ ಎಲ್ಲ ಬೇಕು, ಅದನ್ನೂ ಹೇಳುತ್ತೇನೆ. ಆದರೆ ಯಾರ ಬಗ್ಗೆ ಬರೆಯುತ್ತೀರೋ ಅವರಿಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮ ಮೇಲಿದೆ ಅನ್ನುವುದನ್ನು ಎಂ.ಎ. ಸೇರುವ ದಿನದಿಂದಲೇ ನೆನಪಿಟ್ಟುಕೊಂಡರೆ ಮುಂದಿನ ಎಷ್ಟೋ ನಿರ್ಧಾರಗಳು ಸುಲಭ ಆಗುತ್ತವೆ.

1. ಎರಡನ್ನೂ ಯಾಕೆ ಜೋಡಿಸಬೇಕು ಅಂತ ಮೊದಲು ತಿಳಿದುಕೊಳ್ಳಿ

ಸಂದರ್ಶನದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಮಹಿಳಾ ಅಧ್ಯಯನವೋ, ಬುಡಕಟ್ಟು ಅಧ್ಯಯನವೋ, ಒಂದು ಹೇಳಿ" ಅಂತಾರೆ. ಉತ್ತರ ನಿಮ್ಮ ಹತ್ತಿರ ಇರಬೇಕು.

1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಆದ ಪ್ರಕರಣ, ಮಥುರಾ ಪ್ರಕರಣ ಅಂತಲೇ ಹೆಸರಾಯಿತು. ಸುಪ್ರೀಂ ಕೋರ್ಟ್ ಆರೋಪಿ ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಂವಾರ್, ರಘುನಾಥ ಕೇಳ್ಕರ್ ಈ ನಾಲ್ವರು ಕಾನೂನು ಅಧ್ಯಾಪಕರು ಆ ತೀರ್ಪನ್ನು ಪ್ರಶ್ನಿಸಿ ಬಹಿರಂಗ ಪತ್ರ ಬರೆದರು. ದೇಶದ ಊರೂರುಗಳಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದರು. 1983ರಲ್ಲಿ ಅತ್ಯಾಚಾರದ ಕಾನೂನೇ ಬದಲಾಯಿತು. ನಮ್ಮ ಮಹಿಳಾ ಚಳವಳಿಯ ಇಷ್ಟು ದೊಡ್ಡ ತಿರುವು ಶುರುವಾಗಿದ್ದು ಒಬ್ಬ ಆದಿವಾಸಿ ಹುಡುಗಿಯಿಂದ. ಆಮೇಲೆ ಬಂದ ಮಹಿಳಾ ಅಧ್ಯಯನದ ಪುಸ್ತಕಗಳಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೆ ಸಿಕ್ಕ ಪುಟಗಳು ಮಾತ್ರ ತೀರಾ ಕಡಿಮೆ.

ಅತ್ತ ಬುಡಕಟ್ಟು ಅಧ್ಯಯನದ ಹಳೆಯ ಪುಸ್ತಕಗಳನ್ನು ತೆಗೆಯಿರಿ. ಮದುವೆ, ತೆರ (ಹೆಣ್ಣಿನ ಮನೆಯವರಿಗೆ ಕೊಡುವ ಹಣ), ಉಡುಪು, ಕುಣಿತ ಅನ್ನುವ ಅಧ್ಯಾಯಗಳಲ್ಲಷ್ಟೇ ಹೆಂಗಸರು ಕಾಣುತ್ತಾರೆ. ಭೂಮಿ, ಪಂಚಾಯ್ತಿ, ದೇವರು ಅನ್ನುವ ಕಡೆ ಮಾಹಿತಿ ಕೊಟ್ಟವರೆಲ್ಲ ಗಂಡಸರು. ಸ್ವತಃ ಒರಾಂವ್ ಬುಡಕಟ್ಟಿನಿಂದ ಬಂದ ಸಮಾಜಶಾಸ್ತ್ರಜ್ಞ ವರ್ಜೀನಿಯಸ್ ಖಾಖಾ ಈ ಕೊರತೆಯ ಬಗ್ಗೆ 2004ರಲ್ಲೇ ಒಂದು ಲೇಖನ ಬರೆದಿದ್ದಾರೆ, ಹುಡುಕಿ ಓದಿ. ಬುಡಕಟ್ಟುಗಳ ಸ್ಥಿತಿಗತಿ ಅಧ್ಯಯನಕ್ಕೆ 2013ರಲ್ಲಿ ಕೇಂದ್ರ ಸರ್ಕಾರ ಮಾಡಿದ ಉನ್ನತ ಸಮಿತಿಗೂ ಅವರೇ ಅಧ್ಯಕ್ಷರಾಗಿದ್ದರು. ಆ ವರದಿ 2014ರಲ್ಲಿ ಬಂತು, ಅದನ್ನೂ ಓದಿಕೊಂಡಿರಿ.

2. ಎಂ.ಎ. ಯಾವುದರಲ್ಲಿ ಮಾಡಬೇಕು

ಇಲ್ಲಿ ನನ್ನ ಅಭಿಪ್ರಾಯ ಖಚಿತ. ಎಂ.ಎ. ಅನ್ನು ಸಮಾಜಶಾಸ್ತ್ರ, ಮಾನವಶಾಸ್ತ್ರ, ಕನ್ನಡ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಕಾರ್ಯ, ಇಂಥ ಹಳೆಯ ವಿಷಯ ಒಂದರಲ್ಲಿ ಮಾಡಿ. ಮಹಿಳಾ ಅಧ್ಯಯನವನ್ನೋ ಆದಿವಾಸಿ ಅಧ್ಯಯನವನ್ನೋ ಪಿಎಚ್.ಡಿ.ಯಲ್ಲಿ ನಿಮ್ಮದಾಗಿಸಿಕೊಳ್ಳಿ.

ಕಾರಣ ಸರಳ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಹುದ್ದೆ ಕರೆಯುವಾಗ ಸಮಾಜಶಾಸ್ತ್ರಕ್ಕೆ ಇಷ್ಟು, ಕನ್ನಡಕ್ಕೆ ಇಷ್ಟು ಅಂತ ವಿಷಯದ ಲೆಕ್ಕದಲ್ಲಿ ಕರೆಯುತ್ತಾರೆ. ಮಹಿಳಾ ಅಧ್ಯಯನದ ಹುದ್ದೆಗಳು ಹೆಚ್ಚಾಗಿ ಇರುವುದು ವಿಶ್ವವಿದ್ಯಾನಿಲಯದ ಕೇಂದ್ರಗಳಲ್ಲಿ. ಅಂಥ ಎಷ್ಟೋ ಕೇಂದ್ರಗಳು ಯೋಜನೆಯ ಹಣದಲ್ಲಿ ನಡೆಯುವುದರಿಂದ ಕಾಯಂ ಹುದ್ದೆ ಬೆರಳೆಣಿಕೆಯಷ್ಟು. ಎಂ.ಎ. ಅದರಲ್ಲೇ ಮಾಡಿ, ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಕೂಡ ಅದರಲ್ಲೇ ಪಾಸಾಗಿ, ಆಮೇಲೆ ಅರ್ಜಿ ಹಾಕಲು ಹುದ್ದೆಯೇ ಇಲ್ಲದೆ ವರ್ಷಗಟ್ಟಲೆ ಕಾದವರು ನನಗೆ ಗೊತ್ತು. ತುಂಬಾ ಓದಿಕೊಂಡ ಹುಡುಗಿಯರು ಅವರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಂ.ಎ.ಯನ್ನೂ ಈ ವಿಷಯಗಳಲ್ಲೇ ಮಾಡಬೇಕು ಅನ್ನುವ ಗಟ್ಟಿ ಮನಸ್ಸಿದ್ದರೆ ಒಳ್ಳೆಯ ಜಾಗಗಳೂ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ ಎರಡೂ ವಿಭಾಗ ಇವೆ, ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯ ಇದೆ. ಹೊರಗೆ ಹೋಗುವ ಧೈರ್ಯ ಇದ್ದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಮಧ್ಯಪ್ರದೇಶದ ಅಮರಕಂಟಕದಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಬುಡಕಟ್ಟು ವಿಶ್ವವಿದ್ಯಾಲಯ ಇವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಕೆಲಸದಲ್ಲಿದ್ದು ಓದುವವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಲಿಂಗತ್ವ ಮತ್ತು ಅಭಿವೃದ್ಧಿ ಅಧ್ಯಯನದ ಎಂ.ಎ. ಇದೆ. ಹಳೆಯ ವಿಷಯದಲ್ಲಿ ಒಂದು ಎಂ.ಎ. ಮುಗಿಸಿ, ಇದನ್ನು ಎರಡನೆಯದಾಗಿ ಮಾಡಿಕೊಂಡರೆ ಇನ್ನೂ ಒಳ್ಳೆಯದು.

3. ಮೈಸೂರಿನಲ್ಲಿ ಏನೇನಿದೆ, ಕಾಲ್ನಡಿಗೆಯಲ್ಲಿ ನೋಡಿಬನ್ನಿ

ಈ ಓದಿಗೆ ಮೈಸೂರಿನಷ್ಟು ಅನುಕೂಲದ ಊರು ರಾಜ್ಯದಲ್ಲಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯ ಒಳಗೇ ಮಾನವಶಾಸ್ತ್ರ ವಿಭಾಗ, ಮಹಿಳಾ ಅಧ್ಯಯನ ಕೇಂದ್ರ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇವೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಪಕ್ಕದಲ್ಲೇ ಇದೆ. ಬುಡಕಟ್ಟು ಭಾಷೆಗಳ ವ್ಯಾಕರಣ, ಶಬ್ದಕೋಶ ಬೇಕಿದ್ದರೆ ಮೊದಲು ಅಲ್ಲಿನ ಗ್ರಂಥಾಲಯಕ್ಕೆ ಹೋಗಿ. ಬೋಗಾದಿಯಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇದೆ. ಕರ್ನಾಟಕ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆ ಇರುವುದೂ ಇದೇ ಊರಿನಲ್ಲಿ. ವೆಲ್ಲಿಂಗ್ಟನ್ ಹೌಸ್‌ನಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಪ್ರಾದೇಶಿಕ ಕೇಂದ್ರ ಇದೆ.

ಇಷ್ಟೂ ಜಾಗಕ್ಕೆ ಒಂದೊಂದು ದಿನ ಹೋಗಿ ಕೂತು ಬನ್ನಿ. ಸುಮ್ನೆ ಹೋಗಬೇಡಿ, ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ಗ್ರಂಥಪಾಲಕರ ಹತ್ತಿರ "ಜೇನುಕುರುಬರ ಬಗ್ಗೆ ಏನಿದೆ ಸರ್" ಅಂದರೆ ಒಂದು ಕಪಾಟು ತೋರಿಸುತ್ತಾರೆ. "ನಾಗರಹೊಳೆಯಿಂದ ಹೊರಗೆ ಬಂದ ಕುಟುಂಬಗಳ ವರದಿ ಇದೆಯಾ" ಅಂದರೆ ಅದನ್ನೇ ಹುಡುಕಿ ಕೊಡುತ್ತಾರೆ. ಆ ವರದಿಯನ್ನು ಓದದೆ ಎಚ್.ಡಿ. ಕೋಟೆ ಕಡೆ ಕಾಲಿಡಬೇಡಿ. ಅದನ್ನು ಕೊಟ್ಟಿದ್ದು ಹೈಕೋರ್ಟ್ ಆದೇಶದ ಮೇಲೆ ಆದ ಒಂದು ಸಮಿತಿ, ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರು ಅದರ ಅಧ್ಯಕ್ಷರಾಗಿದ್ದರು. ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳನ್ನು ಅದು ಗುರುತಿಸಿತು. ನಮ್ಮೂರಿನ ಒಬ್ಬ ಮೇಷ್ಟ್ರು ಮಾಡಿದ ಕೆಲಸ ಇವತ್ತಿಗೂ ಹಾಡಿಯ ಜನ ತಮ್ಮ ಹಕ್ಕಿಗಾಗಿ ಎತ್ತಿ ತೋರಿಸುವ ದಾಖಲೆಯಾಗಿ ಉಳಿದಿದೆ. ಸಂಶೋಧನೆ ಏನು ಮಾಡಬಲ್ಲದು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ ನಮಗೆ.

4. ನೆಟ್, ಕೆಸೆಟ್

ಇದನ್ನು ಚುಟುಕಾಗಿ ಹೇಳುತ್ತೇನೆ. ಎಂ.ಎ.ಯಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ಇದ್ದವರಿಗೆ ಶೇ. 50 ಸಾಕು. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100 ಪ್ರಶ್ನೆ, ಒಟ್ಟು ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಜೆಆರ್‌ಎಫ್‌ಗೆ (ನೆಟ್ ಅಂಕದ ಮೇಲೆ ಸಂಶೋಧನೆಗೆ ಸಿಗುವ ಫೆಲೋಶಿಪ್) ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ವರ್ಷ ವಿನಾಯಿತಿ ಇದೆ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ವಯಸ್ಸಿನ ಮಿತಿಯೇ ಇಲ್ಲ.

2024ರಿಂದ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸುತ್ತಾರೆ. ಜೆಆರ್‌ಎಫ್ ಸಿಗದಿದ್ದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಲೆಕ್ಕ. ಪಿಎಚ್.ಡಿ. ಪ್ರವೇಶಕ್ಕೆ ಆ ಅಂಕ ಒಂದೇ ವರ್ಷ ನಡೆಯುತ್ತದೆ, ಫಲಿತಾಂಶ ಬಂದ ಮೇಲೆ ಕೈಕಟ್ಟಿ ಕೂರಬೇಡಿ.

ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆಸೆಟ್ ದೊಡ್ಡ ಆಸರೆ, ಅಲ್ಲಿ ಮೊದಲ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಮುಂಚೆ ಇದನ್ನು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಕೆಸೆಟ್‌ನಿಂದ ಫೆಲೋಶಿಪ್ ಬರುವುದಿಲ್ಲ, ರಾಜ್ಯದೊಳಗಿನ ಹುದ್ದೆಗಳಿಗೆ ಅರ್ಹತೆ ಸಿಗುತ್ತದೆ. ಎರಡನ್ನೂ ಬರೆಯಿರಿ.

5. ವಿಷಯ ಮತ್ತು ಗೈಡ್

"ಜೇನುಕುರುಬ ಮಹಿಳೆಯರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ." ದಯವಿಟ್ಟು ಇಂಥ ಶೀರ್ಷಿಕೆ ಬೇಡ. ಈ ತಲೆಬರಹದ ಕೆಳಗೆ ಬರುವುದು ಯಾವಾಗಲೂ ಒಂದೇ: ಇಷ್ಟು ಜನ ಅನಕ್ಷರಸ್ಥರು, ಇಷ್ಟು ಮನೆಗೆ ಶೌಚಾಲಯ ಇಲ್ಲ, ಇಷ್ಟು ಜನ ಕುಡಿತದ ಗಂಡಂದಿರಿಂದ ಕಷ್ಟ ಪಡುತ್ತಿದ್ದಾರೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು ಸುಮಾರು 34 ಸಾವಿರ. ಇಷ್ಟು ಚಿಕ್ಕ ಸಮುದಾಯಗಳ ಮೇಲೆ ಅದೇ ಪ್ರಶ್ನಾವಳಿಯನ್ನು ಎಷ್ಟು ಸಲ ಹಿಡಿದು ಹೋಗುವುದು?

ಹಾಡಿಯ ಹೆಂಗಸರಿಗೆ ಏನು ಗೊತ್ತಿದೆ, ಯಾವುದು ಅವರ ಹೆಸರಲ್ಲಿದೆ, ಯಾವ ತೀರ್ಮಾನದಲ್ಲಿ ಅವರ ಮಾತು ನಡೆಯುತ್ತದೆ, ಇಲ್ಲಿಂದ ಪ್ರಶ್ನೆ ಹುಟ್ಟಲಿ. ಉದಾಹರಣೆಗೆ, ಕಾಡಿನಲ್ಲಿ ಬದುಕುವವರಿಗೆ ಅವರ ಭೂಮಿಯ ಹಕ್ಕುಪತ್ರ ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ತೆಗೆದುಕೊಳ್ಳಿ. ಮದುವೆಯಾದವರಿಗೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಗ್ರಾಮಸಭೆಗೆ ಬಂದವರಲ್ಲೂ ಮೂರನೇ ಒಂದು ಭಾಗ ಮಹಿಳೆಯರಿದ್ದರೇ ಕೋರಂ. ಹಳೆ ಮೈಸೂರು ಭಾಗದ ರೈತರ ಮನೆಗಳಲ್ಲಿ ಪಹಣಿಯಲ್ಲಿ ಹೆಂಡತಿ ಹೆಸರು ಇರುವುದು ಎಷ್ಟು ಅಪರೂಪ ನಿಮಗೇ ಗೊತ್ತು. ಹಾಗಿದ್ದಾಗ ಹಾಡಿಯಲ್ಲಿ ಜಂಟಿ ಹಕ್ಕು ಹೇಗೆ ನಡೆಯುತ್ತಿದೆ? ಗಂಡ ತೀರಿಕೊಂಡರೆ, ಬಿಟ್ಟುಹೋದರೆ ಏನಾಗುತ್ತದೆ? ಇನ್ನೊಂದು ಕಡೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ನೇರವಾಗಿ ಅನ್ವಯ ಆಗುವುದಿಲ್ಲ. ಹಾಗಾದರೆ ಮಗಳಿಗೆ ಏನು ಬರುತ್ತದೆ, ಯಾರು ತೀರ್ಮಾನ ಮಾಡುತ್ತಾರೆ? ಇದೊಂದರಲ್ಲೇ ಎರಡು ಮೂರು ಪಿಎಚ್.ಡಿ. ಇದೆ.

ಅಥವಾ ಕೊಡಗಿನ ದೇವರಪುರದ ಕುಂಡೆ ಹಬ್ಬ ನೋಡಿ. ಮೇ ತಿಂಗಳಲ್ಲಿ ನಡೆಯುತ್ತದೆ. ಜೇನುಕುರುಬರು, ಯರವರು ಬರುತ್ತಾರೆ, ಗಂಡಸರು ಹೆಣ್ಣಿನ ಉಡುಪು ತೊಟ್ಟು ದೇವರನ್ನೇ ಬೈಯುತ್ತಾ ಕುಣಿಯುತ್ತಾರೆ. ಪತ್ರಿಕೆಗಳಲ್ಲಿ ಪ್ರತಿ ವರ್ಷ ಬೈಗುಳದ ಹಬ್ಬ ಅಂತ ಒಂದು ಚಿತ್ರ ಬಂದು ಮುಗಿಯುತ್ತದೆ. ಆ ದಿನ ಹಾಡಿಯ ಹೆಣ್ಣುಮಕ್ಕಳು ಎಲ್ಲಿರುತ್ತಾರೆ, ಅವರು ಇದನ್ನು ಹೇಗೆ ನೋಡುತ್ತಾರೆ ಅಂತ ಕೂತು ಕೇಳಿದವರು ಕಡಿಮೆ.

ಗೈಡ್ ವಿಚಾರ. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನಷ್ಟೇ ತೆಗೆದುಕೊಳ್ಳಬಹುದು. ಸೀಟು ಖಾಲಿ ಇದೆಯಾ ಅಂತ ಮುಂಚೆಯೇ ಕೇಳಿ. ಅವರ ಹಿಂದಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮಾತಾಡಿಸಿ. "ಮೇಡಂ ಅಧ್ಯಾಯ ಓದಿ ವಾಪಸ್ ಕೊಡೋದಕ್ಕೆ ಎಷ್ಟು ದಿನ ತಗೋತಾರೆ?", "ಸರ್ ಮನೆ ಕೆಲಸ ಹೇಳ್ತಾರಾ?" ಅಂತ ನೇರವಾಗಿ ಕೇಳಿ. ಹೆಸರುವಾಸಿ ಗೈಡ್‌ಗಿಂತ ನಿಮ್ಮ ಬರವಣಿಗೆಯನ್ನು ಸಾಲು ಸಾಲಾಗಿ ಓದುವ ಗೈಡ್ ಮುಖ್ಯ.

2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನು 2 ವರ್ಷ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಇದು ನಿಮ್ಮ ಹಕ್ಕು. ಮದುವೆಯಾಯಿತು, ಮಗುವಾಯಿತು ಅಂತ ಓದು ಬಿಟ್ಟ ಎಷ್ಟೋ ಜನರಿಗೆ ಈ ನಿಯಮ ಇದೆ ಅನ್ನುವುದೇ ಗೊತ್ತಿರಲಿಲ್ಲ.

6. ಹಾಡಿಗೆ ಹೋಗುವುದು

ಇಲ್ಲಿ ನಿಧಾನವಾಗಿ ಓದಿ.

ಮೂರು ಅನುಮತಿ ಬೇಕು. ಒಂದು, ನಿಮ್ಮ ಸಂಸ್ಥೆಯ ನೈತಿಕ ಸಮಿತಿಯದ್ದು. ಎರಡು, ಹಾಡಿ ನಾಗರಹೊಳೆಯದೋ ಬಂಡೀಪುರದ್ದೋ ಗಡಿಯೊಳಗಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ಅರ್ಜಿ ಹಾಕಿ. ಮೂರನೆಯದು ಹಾಡಿಯ ಜನರದ್ದು, ಇದೇ ಎಲ್ಲಕ್ಕಿಂತ ದೊಡ್ಡದು. ಯಜಮಾನರು "ಆಗ್ಲಿ ಬನ್ನಿ" ಅಂದ ಕೂಡಲೇ ಮುಗಿಯಲಿಲ್ಲ. ಯಜಮಾನರು ಸಾಮಾನ್ಯವಾಗಿ ಗಂಡಸರು. ಅವರ ಒಪ್ಪಿಗೆ ಹಾಡಿಯ ಹೆಂಗಸರ ಒಪ್ಪಿಗೆ ಆಗುವುದಿಲ್ಲ. ಅಜ್ಜಿಯರನ್ನು, ಅಕ್ಕಂದಿರನ್ನು ಬೇರೆಯಾಗಿ ಕೂತು ಕೇಳಿ, ಬೇಡ ಅಂದವರ ಮನೆಗೆ ಮತ್ತೆ ಹೋಗಬೇಡಿ.

ಅವರು ಮೊದಲು ಕೇಳುವುದು "ಯಾವ ಆಫೀಸಿಂದ ಬಂದ್ರಿ?" ಅಂತ. ಮನೆ ಬರುತ್ತದೆ, ಕಂಬಳಿ ಬರುತ್ತದೆ, ಹಕ್ಕುಪತ್ರ ಬರುತ್ತದೆ ಅಂತ ಹೆಸರು ಬರೆದುಕೊಂಡು ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ. "ನಾನು ವಿದ್ಯಾರ್ಥಿ, ನನ್ನಿಂದ ಯಾವ ಸವಲತ್ತೂ ಬರುವುದಿಲ್ಲ" ಅಂತ ಮೊದಲ ದಿನವೇ ಹೇಳಿಬಿಡಿ. ಒಂದಷ್ಟು ಜನ ಎದ್ದು ಹೋಗುತ್ತಾರೆ, ಹೋಗಲಿ.

ಹೊತ್ತು ನೋಡಿಕೊಂಡು ಹೋಗಿ. ಕೊಡಗಿನಲ್ಲಿ ಕಾಫಿ ಕುಯ್ಲು ಇರುವಾಗ, ಅಂದರೆ ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಬೆಳಕು ಹರಿಯುವ ಮುಂಚೆ ಜೀಪು ಬಂದು ಹೆಂಗಸರನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತದೆ. ಹನ್ನೊಂದು ಗಂಟೆಗೆ ಮೈಸೂರಿನಿಂದ ಹೋಗಿ ಇಳಿದವರಿಗೆ ಹಾಡಿಯಲ್ಲಿ ಸಿಗುವುದು ವಯಸ್ಸಾದವರು, ಚಿಕ್ಕ ಮಕ್ಕಳು. ಆಮೇಲೆ ವರದಿಯಲ್ಲಿ "ಮಹಿಳೆಯರು ಪ್ರತಿಕ್ರಿಯಿಸಲು ಹಿಂಜರಿದರು" ಅಂತ ಬರೆಯುತ್ತಾರೆ. ಅವರು ಹಿಂಜರಿಯಲಿಲ್ಲ, ಕೂಲಿಗೆ ಹೋಗಿದ್ದರು. ಸಂಜೆ ಅವರು ವಾಪಸ್ ಬರುವ ಹೊತ್ತಿಗೆ ನಿಮ್ಮ ಕೊನೆಯ ಬಸ್ಸು ಹೊರಟಿರುತ್ತದೆ. ಅದಕ್ಕೇ ಅಲ್ಲೇ ಉಳಿಯುವ ಏರ್ಪಾಡು ಬೇಕು: ಆಶ್ರಮ ಶಾಲೆಯ ಶಿಕ್ಷಕಿಯ ಮನೆ, ಹತ್ತಿರದ ಊರಲ್ಲಿ ಬಾಡಿಗೆ ಕೋಣೆ, ಏನಾದರೂ. ಕತ್ತಲಾದ ಮೇಲೆ ಕಾಡಂಚಿನ ರಸ್ತೆಯಲ್ಲಿ ಆನೆ ಬರುತ್ತದೆ, ಸ್ಕೂಟರಿನಲ್ಲಿ ಓಡಾಡಬೇಡಿ. ಎಚ್.ಡಿ. ಕೋಟೆಯಿಂದ ಬಾವಲಿ ಕಡೆ ಹೋಗುವ ಕಾಡಿನ ರಸ್ತೆಯಲ್ಲಂತೂ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ.

ಪ್ರಶ್ನಾವಳಿಯನ್ನು ಚೀಲದಲ್ಲೇ ಇಟ್ಟು, ಮೊದಲು ಒಂದು ವಸ್ತುವಿನಿಂದ ಮಾತು ಶುರುಮಾಡಿ. ಹಕ್ಕುಪತ್ರವನ್ನೇ ನೋಡಿ. ಸಾಮಾನ್ಯವಾಗಿ ಅದು ಕಬ್ಬಿಣದ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ರೇಷನ್ ಕಾರ್ಡು, ಆಧಾರ್, ತಾಯಿ ಕಾರ್ಡಿನ ಜೊತೆ ಇರುತ್ತದೆ. ನೋಡಬೇಕು ಅಂದಾಗ ಟ್ರಂಕಿನ ಬೀಗ ತೆಗೆದವರು ಯಾರು? ಕೀಲಿ ಯಾರ ಸೊಂಟದಲ್ಲಿತ್ತು? ಕಾಗದದಲ್ಲಿ ಎರಡು ಹೆಸರಿದೆಯಾ, ಹೆಂಡತಿಯ ಹೆಸರನ್ನು ಅವಳು ಹೇಳುವ ಹಾಗೆಯೇ ಬರೆದಿದ್ದಾರಾ, ಇಲ್ಲ ಆಫೀಸಿನವರು ತಮಗೆ ತೋಚಿದ ಹಾಗೆ ತಿದ್ದಿದ್ದಾರಾ? ಆಮೇಲೆ ಚೆಕ್ಕುಬಂದಿ ಓದಿ ಹೇಳಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥ ಮರ ಅಂತ ಇರುತ್ತದೆ. "ಅಕ್ಕ, ಇದು ಎಲ್ಲಿ ಬರುತ್ತೆ ತೋರಿಸ್ತೀರಾ?" ಅಂತ ಕೇಳಿ, ಅವರ ಹಿಂದೆ ನಡೆಯಿರಿ. ದಾರಿಯಲ್ಲಿ ಕಾಡುಗೆಣಸು ಅಗೆದ ಗುಂಡಿ, ಮುಚ್ಚಿಹೋದ ಹಳೆಯ ದಾರಿ, ಅಜ್ಜಿಯನ್ನು ಹೂತ ಜಾಗ ಎಲ್ಲ ಬರುತ್ತದೆ. ಆ ಒಂದು ನಡಿಗೆಯಲ್ಲಿ ಸಿಗುವ ಮಾಹಿತಿ ಒಂದಿಡೀ ದಿನ ಪ್ರಶ್ನಾವಳಿ ತುಂಬಿಸಿದರೂ ಸಿಗುವುದಿಲ್ಲ.

ಭಾಷೆ ಕಲಿಯಿರಿ. ನಮ್ಮ ಕನ್ನಡ ಅವರಿಗೆ ಅರ್ಥವಾಗುತ್ತದೆ ಅಂತ ನಮಗೆ ಅವರ ಮಾತು ಪೂರ್ತಿ ಅರ್ಥವಾಗುತ್ತದೆ ಅಂದುಕೊಳ್ಳಬಾರದು. ಜೇನುಕುರುಬರು, ಸೋಲಿಗರು ತಮ್ಮೊಳಗೆ ಮಾತಾಡುವಾಗ ಗಮನ ಕೊಟ್ಟು ಕೇಳಿ. ಯರವರ ನುಡಿ ಮಲಯಾಳಕ್ಕೆ ಹತ್ತಿರ, ಅದಕ್ಕೆ ಬೇರೆಯೇ ತಯಾರಿ ಬೇಕು. ಹೆಂಗಸರ ಆರೋಗ್ಯ, ಮುಟ್ಟು, ಹೆರಿಗೆಯ ಮಾತಿಗೆ ಗಂಡಸರನ್ನು ದುಭಾಷಿ ಮಾಡಿಕೊಂಡು ಕೂರಬೇಡಿ.

ಇನ್ನು ಕೆಲವು ಖಡಾಖಂಡಿತ. ಮಕ್ಕಳ ಫೋಟೋ ತೆಗೆದು ಹಾಕಬೇಡಿ. ಸೊಪ್ಪು ಬೇರುಗಳ ಔಷಧಿಯ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಅಚ್ಚು ಮಾಡಬೇಡಿ. ಅಂಥ ತಿಳುವಳಿಕೆಯ ಲಾಭ ಅದನ್ನು ಉಳಿಸಿಕೊಂಡ ಜನರಿಗೂ ಸಲ್ಲಬೇಕು ಅಂತ 2002ರ ಜೀವವೈವಿಧ್ಯ ಕಾಯ್ದೆಯೇ ಹೇಳುತ್ತದೆ. ಅರ್ಧ ದಿನ ಕೂರಿಸಿಕೊಂಡರೆ ಅರ್ಧ ದಿನದ ಕೂಲಿ ಕೊಡಿ, ಅದನ್ನು ಬಜೆಟ್‌ನಲ್ಲೇ ಬರೆದಿಡಿ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ಸಂಶೋಧಕರು ಹೇಗಿರಬೇಕು ಅಂತ ತಾವೇ ಒಂದು ನಿಯಮಾವಳಿ ಮಾಡಿ ಪ್ರಕಟಿಸಿದರು. ನ್ಯೂಜಿಲೆಂಡಿನ ಮಾವೊರಿ ವಿದ್ವಾಂಸೆ ಲಿಂಡಾ ತುಹಿವಾಯ್ ಸ್ಮಿತ್ 1999ರಲ್ಲೇ ಸಂಶೋಧನೆಯ ವಿಧಾನಗಳ ಬಗ್ಗೆ ಮೂಲನಿವಾಸಿಗಳ ಕಡೆಯಿಂದ ಪುಸ್ತಕ ಬರೆದಿದ್ದಾರೆ. ಹೊರಡುವ ಮುಂಚೆ ಎರಡನ್ನೂ ಓದಿ. ವಿದೇಶದಲ್ಲಿ ಮುಂದಕ್ಕೆ ಅರ್ಜಿ ಹಾಕುವ ಆಸೆ ಇದ್ದರೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇಂಡಿಜಿನಸ್ ಸ್ಟಡೀಸ್ (ಮೂಲನಿವಾಸಿಗಳ ಅಧ್ಯಯನ) ಅನ್ನುವ ವಿಭಾಗಗಳನ್ನು ಹುಡುಕಿ, ಅಲ್ಲಿ ಈ ಚರ್ಚೆ ತುಂಬಾ ಮುಂದೆ ಹೋಗಿದೆ.

7. ದುಡ್ಡು

ಜೆಆರ್‌ಎಫ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್ ಬೇರೆ ಇದೆ, ವರ್ಷಕ್ಕೆ 750 ಜನರಿಗೆ ಕೊಡುತ್ತಾರೆ. ವಿದೇಶಕ್ಕೆ ಹೋಗುವವರಿಗೆ ಅದೇ ಸಚಿವಾಲಯದ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನ ಇದೆ, ಆದರೆ ಅದು ವರ್ಷಕ್ಕೆ 20 ಜನರಿಗೆ ಮಾತ್ರ. ಮನೆಗೆ ಒಬ್ಬಳೇ ಮಗಳಾದವರಿಗೆ ಯುಜಿಸಿಯ ಸಾವಿತ್ರಿಬಾಯಿ ಫುಲೆ ಫೆಲೋಶಿಪ್ ಇದೆ. ಸಮಾಜ ವಿಜ್ಞಾನ ಓದುವವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ಐಸಿಎಸ್‌ಎಸ್‌ಆರ್ ಡಾಕ್ಟರಲ್ ಫೆಲೋಶಿಪ್ ಇದೆ.

ಫೆಲೋಶಿಪ್ ಮಂಜೂರಾದರೂ ದುಡ್ಡು ತಿಂಗಳು ತಿಂಗಳು ಸರಿಯಾಗಿ ಬರುತ್ತದೆ ಅಂತ ನಂಬಿಕೊಂಡು ಸಾಲ ಮಾಡಬೇಡಿ. ಆರು ತಿಂಗಳ ಖರ್ಚು ಕೈಯಲ್ಲಿರಲಿ. ಹಾಜರಾತಿ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಕಾಗದಗಳನ್ನು ಪ್ರತಿ ತಿಂಗಳು ಕೊಟ್ಟು, ಸ್ವೀಕೃತಿ ಸಹಿ ತೆಗೆದುಕೊಂಡು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.

8. ಬರೆಯುವುದು

ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ನೇಮಕಾತಿಯಲ್ಲಿ ಇಂಗ್ಲಿಷ್ ಲೇಖನಕ್ಕೆ ತೂಕ ಜಾಸ್ತಿ, ಇದು ಸರಿಯಲ್ಲ ಅಂತ ನನಗೂ ಅನಿಸುತ್ತದೆ, ಆದರೆ ಇವತ್ತಿನ ಪರಿಸ್ಥಿತಿ ಹಾಗಿದೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಇಂಡಿಯನ್ ಜರ್ನಲ್ ಆಫ್ ಜೆಂಡರ್ ಸ್ಟಡೀಸ್ ಇಂಥವನ್ನು ಗುರಿಯಾಗಿಟ್ಟುಕೊಳ್ಳಿ. "ಎರಡು ಸಾವಿರ ಕಳಿಸಿ, ಒಂದು ವಾರದಲ್ಲಿ ಪ್ರಕಟಿಸುತ್ತೇವೆ" ಅಂತ ವಾಟ್ಸಾಪ್‌ನಲ್ಲಿ ಬರುವ ಜರ್ನಲ್‌ಗಳ ಕಡೆ ತಿರುಗಿಯೂ ನೋಡಬೇಡಿ. ಮಾನ್ಯ ಜರ್ನಲ್‌ಗಳನ್ನು ಹೆಸರಿಸುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲೆ ಯಾವುದು ಒಳ್ಳೆಯ ಜರ್ನಲ್ ಅಂತ ನೀವೇ ನೋಡಿ ತೀರ್ಮಾನಿಸಬೇಕು. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಹಿಂದಿನ ಸಂಚಿಕೆಗಳು ಸಿಗುತ್ತವಾ, ವಿಮರ್ಶಕರು ನಿಜವಾಗಿ ಓದಿ ಟಿಪ್ಪಣಿ ಕಳಿಸುತ್ತಾರಾ, ಇಷ್ಟು ನೋಡಿದರೆ ಗೊತ್ತಾಗುತ್ತದೆ.

ಅಧ್ಯಾಯ ಮುಗಿದಾಗ ಅದರ ಸಾರವನ್ನು ಮಾತಾಡುವ ಕನ್ನಡದಲ್ಲಿ ಬರೆದುಕೊಂಡು ಹಾಡಿಗೆ ಹೋಗಿ ಓದಿ. ಪ್ರಬಂಧ ಒಪ್ಪಿಸುವ ಮುಂಚೆ ಹೋಗಿ. ಅವರು "ಇದು ಹಿಂಗಲ್ಲ" ಅಂದರೆ ತಿದ್ದಲು ಆಗ ಸಮಯ ಇರುತ್ತದೆ.

9. ಹಾಡಿಯಿಂದಲೇ ಓದಿ ಬಂದವರಿಗೆ

ನೀವು ಜೇನುಕುರುಬರೋ, ಬೆಟ್ಟಕುರುಬರೋ, ಯರವರೋ, ಸೋಲಿಗರೋ ಆಗಿದ್ದರೆ ನಿಮಗೆ ಬೇರೆ ಮಾತು ಹೇಳಬೇಕು. ಪದವಿ ಮುಗಿಯುತ್ತಿದ್ದಂತೆ ನಿಮ್ಮನ್ನು ಕ್ಷೇತ್ರ ಸಹಾಯಕಿ ಅಂತ ಕರೆಯುವವರು ಬಹಳ ಜನ ಸಿಗುತ್ತಾರೆ. ದುಡ್ಡು ಬರುತ್ತದೆ, ಅನುಭವವೂ ಬರುತ್ತದೆ, ಮಾಡಿ. ಆದರೆ ಸೇರುವ ದಿನವೇ ಮೂರು ವಿಷಯ ಬರಹದಲ್ಲಿ ಕೇಳಿ: ಸಂಬಳ ಎಷ್ಟು, ನಾನು ಮಾಡಿದ ಸಂದರ್ಶನಗಳ ಪ್ರತಿ ನನಗೆ ಸಿಗುತ್ತದಾ, ಲೇಖನ ಬಂದಾಗ ನನ್ನ ಹೆಸರು ಲೇಖಕರ ಸಾಲಿನಲ್ಲಿ ಇರುತ್ತದಾ. ಹಾಡಿಯ ಹುಡುಗಿಯೊಬ್ಬಳು ಮನೆಮನೆ ತಿರುಗಿ, ಮಾತಾಡಿಸಿ, ಅನುವಾದ ಮಾಡಿಕೊಟ್ಟ ಕೆಲಸ ಕೊನೆಗೆ ಬೇರೆಯವರ ಹೆಸರಲ್ಲಿ ಬಂದು, ಅವಳ ಹೆಸರು ಕೃತಜ್ಞತೆಯ ಕೊನೆಯ ಸಾಲಿನಲ್ಲೂ ಇರಲಿಲ್ಲ. ನೋಡಿ ನನಗೆ ಹೊಟ್ಟೆ ಉರಿಯಿತು. ಇದು ಒಬ್ಬರ ಕಥೆಯಲ್ಲ.

"ನಿಮ್ಮವರ ಬಗ್ಗೆ ನೀವೇ ಬರೆದರೆ ಪಕ್ಷಪಾತ ಆಗುವುದಿಲ್ಲವಾ?" ಅಂತ ಸಂದರ್ಶನದಲ್ಲಿ ಕೇಳುತ್ತಾರೆ. ಒಕ್ಕಲಿಗರ ಬಗ್ಗೆ ಒಕ್ಕಲಿಗರು, ಲಿಂಗಾಯತರ ಬಗ್ಗೆ ಲಿಂಗಾಯತರು ಬರೆದಾಗ ಈ ಪ್ರಶ್ನೆ ಬರಲಿಲ್ಲ ಅಲ್ವಾ? ನಿಮಗೆ ಭಾಷೆ ಗೊತ್ತಿದೆ, ಯಾವ ಮಾತನ್ನು ಯಾರೆದುರು ಆಡುವುದಿಲ್ಲ ಅನ್ನುವುದೂ ಗೊತ್ತಿದೆ. ಅದನ್ನೇ ನಿಮ್ಮ ವಿಧಾನ ಅಂತ ಧೈರ್ಯವಾಗಿ ಹೇಳಿ. ಹಾಗೆಯೇ ಆದಿವಾಸಿ ಹೆಣ್ಣುಮಕ್ಕಳ ವಿಷಯವನ್ನೇ ಓದಬೇಕು ಅನ್ನುವ ಕಟ್ಟುಪಾಡೂ ನಿಮಗಿಲ್ಲ. ಗಣಿತ ಇಷ್ಟ ಇದ್ದರೆ ಗಣಿತ ಓದಿ.

ಹಾಸ್ಟೆಲ್‌ನಲ್ಲಿ, ವಿಭಾಗದಲ್ಲಿ ಅವಮಾನ ಆದರೆ ಸುಮ್ಮನಿರಬೇಡಿ. ಲೈಂಗಿಕ ಕಿರುಕುಳಕ್ಕೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು, ಜಾತಿ ನಿಂದನೆಗೆ ಪರಿಶಿಷ್ಟ ಜಾತಿ ಪಂಗಡಗಳ ಕೋಶ ಇರುತ್ತದೆ. ಮೊದಲ ವಾರದಲ್ಲೇ ಆ ಕೊಠಡಿಗಳು ಎಲ್ಲಿವೆ ಅಂತ ನೋಡಿಕೊಳ್ಳಿ.

10. ಕೆಲಸ

ಯುಜಿಸಿ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ. 2023ರ ಜುಲೈನಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯ ಅಲ್ಲ. ಆದರೂ ಪಿಎಚ್.ಡಿ. ಇದ್ದರೆ ಆಯ್ಕೆಯಲ್ಲಿ ಕೈ ಮೇಲಾಗುತ್ತದೆ. ಕಾಯಂ ಹುದ್ದೆ ಕರೆಯುವುದು ಯಾವಾಗಲೋ ಒಮ್ಮೆ. ನಡುವಿನ ವರ್ಷಗಳಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರಾಗಿರುತ್ತಾರೆ. ಸಂಬಳ ಕಡಿಮೆ, ಪಾಠದ ಹೊರೆ ಜಾಸ್ತಿ, ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲ. ಮನೆಯವರಿಗೆ ಇದನ್ನು ಮೊದಲೇ ತಿಳಿಸಿ. ಅತಿಥಿಯಾಗಿರುವಾಗಲೂ ವಾರಕ್ಕೆ ಒಂದು ದಿನ ಬರವಣಿಗೆಗೆ ಎತ್ತಿಡಿ, ಇಲ್ಲದಿದ್ದರೆ ಪಿಎಚ್.ಡಿ. ಪುಸ್ತಕ ಆಗುವುದೇ ಇಲ್ಲ.

ಕಾಲೇಜಿನ ಹೊರಗೂ ಕೆಲಸ ಇದೆ. ಬುಡಕಟ್ಟು ಸಂಶೋಧನಾ ಸಂಸ್ಥೆಯಲ್ಲಿ, ಮಾನವಶಾಸ್ತ್ರ ಸರ್ವೇಕ್ಷಣೆಯಲ್ಲಿ ಆಗಾಗ ಯೋಜನೆಯ ಹುದ್ದೆ, ಸಂಶೋಧನಾ ವೇತನ ಕರೆಯುತ್ತಾರೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು ಅರಣ್ಯ ಹಕ್ಕು, ಪೌಷ್ಟಿಕತೆ, ಆದಿವಾಸಿ ಶಿಕ್ಷಣದ ಯೋಜನೆಗಳಿಗೆ ಕ್ಷೇತ್ರಕಾರ್ಯ ಗೊತ್ತಿರುವವರನ್ನು ಹುಡುಕುತ್ತಿರುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸೋಲಿಗರ ಸಮುದಾಯ ಹಕ್ಕನ್ನು ಮಾನ್ಯ ಮಾಡಿದ ಮೇಲೆ, ಗ್ರಾಮಸಭೆಗಳ ಜೊತೆ ಕೂತು ಅರ್ಜಿ, ನಕ್ಷೆ, ದಾಖಲೆ ಸಿದ್ಧಮಾಡಿ ಕೊಡುವವರ ಅಗತ್ಯ ಬೇರೆ ತಾಲ್ಲೂಕುಗಳಲ್ಲೂ ಇದೆ. ಅಂಥ ಕೆಲಸಕ್ಕೆ ಸೇರಿದವರು ಓದು ಬಿಟ್ಟರು ಅಂತ ನಾನು ಅಂದುಕೊಳ್ಳುವುದಿಲ್ಲ.

ಪ್ರತಿ ಅರ್ಜಿಗೂ ಮುಂಚೆ ಯುಜಿಸಿ, ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಆ ದಿನದ ನಿಯಮ ನೋಡಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟುಬನ್ನಿ, ಕೊನೆಯ ದಿನಾಂಕದ ವಾರದಲ್ಲಿ ಸರ್ವರ್ ಕೈಕೊಡುತ್ತದೆ.